ಜನ ಮರುಳಾದರು ಎನ್ನುವ ಮುನ್ನ: ಜನಪ್ರಿಯತಾವಾದಿಯ ಸೆಳೆತದಿಂದ ಪಕ್ಷ ಕಲಿಯುವ ಬಗೆ

ಸೋತ ಪಕ್ಷದ ಆತ್ಮಾವಲೋಕನ ಸಭೆ ಎಲ್ಲಿ ನಡೆದರೂ ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿ ಸಾಗುತ್ತದೆ. ಮೊದಲ ಅರ್ಧ ಗಂಟೆ ಎದುರಾಳಿಯ ಹಣದ ಹೊಳೆಗೆ, ಮಾಧ್ಯಮಗಳ ಪಕ್ಷಪಾತಕ್ಕೆ, ಒಳಗಿನವರ ಕಾಲೆಳೆತಕ್ಕೆ ಮೀಸಲು. ಆಮೇಲೆ ಹಿರಿಯರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಜನ ಮರುಳೋ ಜಾತ್ರೆ ಮರುಳೋ’ ಎನ್ನುವ ಅರ್ಥದ ಮಾತೊಂದನ್ನು ಆಡುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ಅಲ್ಲಿಗೆ ಸಭೆಯೂ ಮುಗಿಯಿತು, ಕಲಿಕೆಯೂ ಮುಗಿಯಿತು.

ತಲೆಯಾಡಿಸದೆ ಕುಳಿತ ಒಬ್ಬಿಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಈ ಬರಹ ಅವರಿಗಾಗಿ.

ಮೊದಲು ಪದದ ಗೊಂದಲ ಬಗೆಹರಿಸಿಕೊಳ್ಳೋಣ. ‘ಜನಪ್ರಿಯ ಘೋಷಣೆ’ ಎಂದರೆ ಪುಕ್ಕಟೆ ಕೊಡುಗೆಗಳ ಪಟ್ಟಿ ಎಂಬ ಅರ್ಥ ನಮ್ಮ ಪತ್ರಿಕಾ ಭಾಷೆಯಲ್ಲಿ ಗಟ್ಟಿಯಾಗಿ ಕುಳಿತಿದೆ. ಇಲ್ಲಿ ಹೇಳುತ್ತಿರುವುದು ಬೇರೆ. ಸಮಾಜವನ್ನು ಎರಡೇ ಭಾಗ ಮಾಡಿ, ಕೆಳಗಿರುವವರು ಪ್ರಾಮಾಣಿಕ ಜನ, ಮೇಲೆ ಕುಳಿತವರು ಅವರನ್ನು ವಂಚಿಸುತ್ತಿರುವ ಕೂಟ, ನಾನೊಬ್ಬನೇ ಆ ಜನರ ದನಿ ಎಂದು ಹೇಳುವವರು ಜನಪ್ರಿಯತಾವಾದಿಗಳು. ಕೊಡುಗೆ ಕೊಡಲಿ ಬಿಡಲಿ, ಎಡಕ್ಕಿರಲಿ ಬಲಕ್ಕಿರಲಿ, ಗುರುತು ಇದೇ. ಕೊನೆಯ ಮಾತು, ಅಂದರೆ ‘ನಾನೊಬ್ಬನೇ’ ಎನ್ನುವುದು, ಅಪಾಯದ್ದು. ಮೊದಲೆರಡು ಮಾತುಗಳಲ್ಲಿ ಸತ್ಯ ಎಷ್ಟಿದೆ ಎಂದು ತೂಗಿ ನೋಡುವುದು ಸೋತ ಪಕ್ಷದ ಕೆಲಸ.

ಮೊದಲು ಲೆಕ್ಕ

ಫಲಿತಾಂಶದ ಮರುದಿನ ಎಲ್ಲ ವಾಹಿನಿಗಳಲ್ಲೂ ‘ಅಲೆ’ ಏಳುತ್ತದೆ. ಅದನ್ನು ನಂಬುವ ಮುನ್ನ ಮತಗಟ್ಟೆವಾರು ಅಂಕಿಗಳನ್ನು ತರಿಸಿಕೊಂಡು ಕುಳಿತುಕೊಳ್ಳಿ. 2016ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯನ್ನೇ ನೋಡಿ. ಡೊನಾಲ್ಡ್ ಟ್ರಂಪ್ ಗೆದ್ದರು. ಆದರೆ ದೇಶದ ಒಟ್ಟು ಮತಗಳಲ್ಲಿ ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್ ಅವರಿಗಿಂತ 28 ಲಕ್ಷಕ್ಕೂ ಹೆಚ್ಚು ಮತ ಹಿಂದಿದ್ದರು. ಅಲ್ಲಿ ಅಧ್ಯಕ್ಷರನ್ನು ತೀರ್ಮಾನಿಸುವುದು ರಾಜ್ಯವಾರು ಹಂಚಿಕೆಯಾದ ಚುನಾಯಕ ಮತಗಳು. ತಕ್ಕಡಿ ವಾಲಿಸಿದ್ದು ಮೂರು ರಾಜ್ಯಗಳು: ಮಿಷಿಗನ್‌ನಲ್ಲಿ 10,704, ವಿಸ್ಕಾನ್ಸಿನ್‌ನಲ್ಲಿ 22,748, ಪೆನ್ಸಿಲ್ವೇನಿಯಾದಲ್ಲಿ 44,292 ಮತಗಳ ಅಂತರ. ಮೂರೂ ಸೇರಿದರೆ 78 ಸಾವಿರ ತುಂಬುವುದಿಲ್ಲ.

ಇನ್ನೂ ಹತ್ತಿರ ಹೋಗಿ ವಿಸ್ಕಾನ್ಸಿನ್ ಒಂದನ್ನೇ ನೋಡೋಣ. 2012ರಲ್ಲಿ ಅಲ್ಲಿ ರಿಪಬ್ಲಿಕನ್ ಪಕ್ಷದ ಮಿಟ್ ರಾಮ್ನಿ ಸೋತಿದ್ದರು. ನಾಲ್ಕು ವರ್ಷಗಳ ನಂತರ ಟ್ರಂಪ್ ಅದೇ ರಾಜ್ಯವನ್ನು ಗೆದ್ದಾಗ ಅವರಿಗೆ ಬಿದ್ದ ಮತ ರಾಮ್ನಿಗೆ ಬಿದ್ದದ್ದಕ್ಕಿಂತ ಕಡಿಮೆ, ಅದೂ ಎರಡೂವರೆ ಸಾವಿರಕ್ಕೂ ಮೀರಿದ ಅಂತರದಿಂದ! ಡೆಮಾಕ್ರಟಿಕ್ ಪಕ್ಷದ ಮತ ಮಾತ್ರ ಎರಡು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಕುಸಿದಿತ್ತು. ಒಳಗೊಳಗೆ ಅತ್ತಿತ್ತ ಹೋದವರು, ಮೂರನೆಯವರಿಗೆ ಹಾಕಿದವರು ಇದ್ದಾರೆ, ನಿಜ. ಹಾಗಿದ್ದರೂ ಈ ಅಂಕಿಗಳನ್ನು ಇಟ್ಟುಕೊಂಡು ‘ಜನ ಅವರ ಹಿಂದೆ ಹುಚ್ಚೆದ್ದು ಓಡಿದರು’ ಎನ್ನುವುದು ಕಷ್ಟ. ಅಭ್ಯರ್ಥಿಯಾದ ಮೇಲೆ ಪ್ರಚಾರಕ್ಕೆಂದು ಕ್ಲಿಂಟನ್ ಆ ರಾಜ್ಯಕ್ಕೆ ಒಮ್ಮೆಯೂ ಹೋಗಿರಲಿಲ್ಲ.

ಆದ್ದರಿಂದ ಮತದಾರರನ್ನು ನಾಲ್ಕು ರಾಶಿ ಮಾಡಿ. ಯಾವತ್ತೂ ಅತ್ತಲೇ ಇದ್ದವರು. ನಮ್ಮಲ್ಲಿದ್ದು ಅತ್ತ ಹೋದವರು. ಹಿಂದೆ ಮತಗಟ್ಟೆಗೇ ಬಾರದೆ ಈ ಸಲ ಅವರಿಗಾಗಿ ಬಂದವರು. ನಮ್ಮವರೇ ಆಗಿದ್ದು ಈ ಸಲ ಮನೆಯಲ್ಲೇ ಕುಳಿತವರು. ನಾಲ್ಕನೆಯ ರಾಶಿ ಯಾವ ಟಿವಿ ಚರ್ಚೆಯಲ್ಲೂ ಕಾಣಿಸುವುದಿಲ್ಲ, ಏಕೆಂದರೆ ಅವರು ಬಾವುಟ ಹಿಡಿಯುವುದಿಲ್ಲ, ಟೋಪಿ ಹಾಕುವುದಿಲ್ಲ. ಸೋಲಿನ ಅರ್ಧ ಕಥೆ ಹಲವು ಸಲ ಅವರ ಬಳಿಯೇ ಇರುತ್ತದೆ.

ಒಂದು ಎಚ್ಚರಿಕೆ. ಪ್ರಚಾರ ನಡೆಸಿದವರ ಕೈಗೇ ಪರಾಮರ್ಶೆಯ ಹೊಣೆ ಕೊಡಬೇಡಿ. ಕುಣಿಯಲಾರದವರಿಗೆ ನೆಲ ಯಾವತ್ತೂ ಡೊಂಕು. ಇನ್ನು, ಹೊರಗಿನವರನ್ನು ಮಾತ್ರ ನೋಡುವ ಪರಾಮರ್ಶೆಯೂ ಕೈಕೊಡುತ್ತದೆ. 2012ರ ಸೋಲಿನ ನಂತರ ರಿಪಬ್ಲಿಕನ್ ಪಕ್ಷ 2013ರಲ್ಲಿ ಸುಮಾರು ನೂರು ಪುಟಗಳ ವರದಿ ತಂದಿತು. ವಲಸೆಯ ವಿಷಯದಲ್ಲಿ ಮೆತ್ತಗಾಗಬೇಕು, ಸಮಗ್ರ ಸುಧಾರಣೆಯನ್ನು ಬೆಂಬಲಿಸಬೇಕು ಎಂಬುದು ಅದರ ಮುಖ್ಯ ಸಲಹೆಗಳಲ್ಲಿ ಒಂದು. ಮೂರೇ ವರ್ಷಗಳಲ್ಲಿ ಅದೇ ಪಕ್ಷದ ಮತದಾರರು ಗಡಿಗೆ ಗೋಡೆ ಕಟ್ಟುತ್ತೇನೆ ಎಂದವರನ್ನು ಅಭ್ಯರ್ಥಿಯಾಗಿ ಆರಿಸಿದರು. ಯಾರು ತಮ್ಮ ಬಳಿ ಬರುತ್ತಿಲ್ಲ ಎಂಬುದನ್ನು ಪಕ್ಷ ಚೆನ್ನಾಗಿಯೇ ಹುಡುಕಿತ್ತು. ಬಳಿಯಲ್ಲೇ ಇದ್ದವರು ಏನನ್ನು ನುಂಗಿಕೊಂಡು ಕುಳಿತಿದ್ದಾರೆ ಎಂಬುದು ಅದಕ್ಕೆ ತಿಳಿದಿರಲಿಲ್ಲ.

ಎರಡನೆಯ ಕೆಲಸ: ಅವರ ಸಭೆಗೆ ಹೋಗಿ ಬನ್ನಿ

ಮೊಬೈಲಿನಲ್ಲಿ ಭಾಷಣ ನೋಡಿದರೆ ಸಾಲದು. ಪರದೆಯ ಮೇಲೆ ಕಾಣುವುದು ಭಾಷಣಕಾರರ ಮುಖ, ನಮಗೆ ಬೇಕಾದದ್ದು ಕೇಳುವವರದು. ಪಕ್ಷದ ಯಾವ ಗುರುತೂ ಇಲ್ಲದೆ ಹೋಗಿ, ಹಿಂದಿನ ಸಾಲಿನಲ್ಲಿ ನಿಂತು, ಕೈಗಡಿಯಾರ ನೋಡಿಕೊಂಡು ಬರೆಯಿರಿ: ಯಾವ ಮಾತಿಗೆ ಚಪ್ಪಾಳೆ ಬಿತ್ತು, ಯಾವುದಕ್ಕೆ ನಗು, ಯಾವುದಕ್ಕೆ ಜನ ಸುಮ್ಮನಾದರು. ಆ ಮೌನವನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಬೈಗುಳಕ್ಕೆ ಚಪ್ಪಾಳೆ ತಟ್ಟುವುದು ಸುಲಭ, ಪಕ್ಕದವರು ತಟ್ಟಿದರೆ ನಾವೂ ತಟ್ಟುತ್ತೇವೆ. ‘ನಿಮ್ಮ ಮಕ್ಕಳು ಕೆಲಸ ಹುಡುಕಿಕೊಂಡು ಊರು ಬಿಟ್ಟರು’ ಎಂಬ ಮಾತಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ತಲೆ ಸ್ವಲ್ಪ ಕೆಳಗಾಗುತ್ತದೆ, ಅಷ್ಟೆ.

ಸಭೆ ಮುಗಿದ ಮೇಲೆ ಹತ್ತು ನಿಮಿಷ ಅಲ್ಲೇ ನಿಲ್ಲಿ. ಮನೆಗೆ ಹೊರಟವರು ತಮ್ಮತಮ್ಮಲ್ಲಿ ಯಾವ ಸಾಲನ್ನು ಮತ್ತೆ ಹೇಳಿಕೊಳ್ಳುತ್ತಾರೆ ಎಂಬುದಕ್ಕಿಂತ ಒಳ್ಳೆಯ ಸಮೀಕ್ಷೆ ಇಲ್ಲ.

ಮೂರನೆಯ ಕೆಲಸ: ಒಂದು ಹಾಳೆ, ಎರಡು ಗೆರೆ

ಇಡೀ ಕಸರತ್ತಿನ ತಿರುಳು ಇಲ್ಲಿದೆ. ದೊಡ್ಡ ಹಾಳೆಯೊಂದರ ಮೇಲೆ ಉದ್ದಕ್ಕೆ ಎರಡು ಗೆರೆ ಎಳೆದು ಮೂರು ಕಲಮು ಮಾಡಿ. ಮೊದಲನೆಯದರಲ್ಲಿ ಆ ಅಭ್ಯರ್ಥಿ ‘ಇದು ನೋಯುತ್ತಿದೆ’ ಎಂದು ತೋರಿಸಿದ್ದು. ಎರಡನೆಯದರಲ್ಲಿ ‘ಇದಕ್ಕೆ ಇದೇ ಮದ್ದು’ ಎಂದದ್ದು. ಮೂರನೆಯದನ್ನು ಸದ್ಯಕ್ಕೆ ಖಾಲಿ ಬಿಡಿ.

ನೋವನ್ನು ಮತ್ತು ಮದ್ದನ್ನು ಬೇರೆ ಬೇರೆ ಕಲಮಿನಲ್ಲಿ ಬರೆಯದಿದ್ದರೆ ಪಕ್ಷಗಳು ಎರಡರಲ್ಲಿ ಒಂದು ತಪ್ಪನ್ನು ಮಾಡಿಯೇ ತೀರುತ್ತವೆ. ಮದ್ದು ಕೆಟ್ಟದ್ದು ಎಂದು ನೋವನ್ನೂ ಅಲ್ಲಗಳೆಯುತ್ತವೆ. ಇಲ್ಲವೇ ನೋವು ನಿಜ ಎಂದು ಮದ್ದನ್ನೂ ಕುಡಿದುಬಿಡುತ್ತವೆ.

ಜನಪ್ರಿಯತಾವಾದ ಎಂಬ ಹೆಸರು ಹುಟ್ಟಿದ ಕಾಲಕ್ಕೇ ಹೋಗಿ ನೋಡಿ. 1892ರ ಜುಲೈನಲ್ಲಿ ಅಮೆರಿಕದ ಒಮಾಹಾದಲ್ಲಿ ಪೀಪಲ್ಸ್ ಪಾರ್ಟಿ ತನ್ನ ಪ್ರಣಾಳಿಕೆ ಹೊರಡಿಸಿತು. ಬೆಳೆಯ ಬೆಲೆ ಬೀಳುತ್ತಿತ್ತು, ಸಾಲದ ಹೊರೆ ಏರುತ್ತಿತ್ತು, ಧಾನ್ಯ ಸಾಗಿಸಲು ರೈಲ್ವೆ ಕಂಪನಿ ಕೇಳಿದಷ್ಟು ಕೊಡದೆ ರೈತನಿಗೆ ಗತಿಯಿರಲಿಲ್ಲ. ಮೊದಲ ಕಲಮು ಅಲ್ಲಿಗೆ ತುಂಬಿತು. ಎರಡನೆಯ ಕಲಮಿನಲ್ಲಿ ಎಲ್ಲವೂ ಬೆರೆತಿದ್ದವು: ಹಣದ ಚಲಾವಣೆ ಹೆಚ್ಚಿ ಸಾಲ ಹಗುರವಾಗಲು ಚಿನ್ನದ ಜೊತೆಗೆ ಬೆಳ್ಳಿಯ ನಾಣ್ಯವನ್ನೂ ಮಿತಿಯಿಲ್ಲದೆ ಟಂಕಿಸಬೇಕು, ರೈಲ್ವೆಯನ್ನು ಸರ್ಕಾರವೇ ನಡೆಸಬೇಕು, ಹೆಚ್ಚು ಗಳಿಸುವವರಿಗೆ ಹೆಚ್ಚು ಆದಾಯ ತೆರಿಗೆ ಇರಬೇಕು, ಸಂಸತ್ತಿನ ಮೇಲ್ಮನೆಯ ಸದಸ್ಯರಾದ ಸೆನೆಟರುಗಳನ್ನು ಜನರೇ ನೇರವಾಗಿ ಆರಿಸಬೇಕು, ಗುಪ್ತ ಮತದಾನ ಬೇಕು. ಅವರ ಅಭ್ಯರ್ಥಿ ಜೇಮ್ಸ್ ವೀವರ್ ಹತ್ತು ಲಕ್ಷಕ್ಕೂ ಹೆಚ್ಚು ಮತ ಪಡೆದು 22 ಚುನಾಯಕ ಮತಗಳನ್ನು ಗೆದ್ದರು. ದೊಡ್ಡ ಪಕ್ಷಗಳ ಕಣ್ಣು ಆಗ ತೆರೆಯಿತು.

ತೆರೆದ ಕಣ್ಣಿಗೆ ಮೊದಲು ಕಂಡದ್ದು ಅತಿ ಹೆಚ್ಚು ಸದ್ದು ಮಾಡುತ್ತಿದ್ದ ಬೇಡಿಕೆ. 1896ರಲ್ಲಿ ಡೆಮಾಕ್ರಟಿಕ್ ಪಕ್ಷ ಬೆಳ್ಳಿಯನ್ನು ಎತ್ತಿಕೊಂಡಿತು. 36 ವರ್ಷದ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಷಿಕಾಗೋದ ಸಮಾವೇಶದಲ್ಲಿ ಮನುಕುಲವನ್ನು ಚಿನ್ನದ ಶಿಲುಬೆಗೆ ಏರಿಸಬೇಡಿ ಎಂದು ಗುಡುಗಿ ಅಭ್ಯರ್ಥಿಯಾದರು. ಪೀಪಲ್ಸ್ ಪಾರ್ಟಿಯೂ ಅವರನ್ನೇ ಬೆಂಬಲಿಸಿ ತನ್ನ ಅಸ್ತಿತ್ವವನ್ನೇ ಕಳೆದುಕೊಳ್ಳುವ ದಾರಿ ಹಿಡಿಯಿತು. ಬ್ರಯಾನ್ ಸೋತರು. ರೈತನಿಗೆ ಹಿತವಾಗಿ ಕಂಡ ಬೆಳ್ಳಿ ಕಾರ್ಖಾನೆಯ ಕೂಲಿಗಾರನಿಗೆ ಬೆಲೆ ಏರಿಕೆಯಾಗಿ ಕಂಡಿತು. ಅತ್ತ, ಸದ್ದಿಲ್ಲದೆ ಬಿದ್ದಿದ್ದ ಬೇಡಿಕೆಗಳು ನಿಧಾನವಾಗಿ ಕಾನೂನಾದವು. ಆದಾಯ ತೆರಿಗೆ ಮತ್ತು ಸೆನೆಟಿನ ನೇರ ಚುನಾವಣೆ ಎರಡೂ 1913ರಲ್ಲಿ ಸಂವಿಧಾನ ಸೇರಿದವು. ಎರಡನೆಯ ಕಲಮನ್ನು ಒಂದೊಂದೇ ಸಾಲಾಗಿ ಓದಬೇಕು ಎನ್ನುವುದು ಇದಕ್ಕೇ. ಇಡಿಯಾಗಿ ನುಂಗುವಂಥದ್ದೂ ಅಲ್ಲ, ಇಡಿಯಾಗಿ ಉಗುಳುವಂಥದ್ದೂ ಅಲ್ಲ.

ಈಗ ಮೂರನೆಯ ಕಲಮು. ಅದರ ತಲೆಗೆ ಹೀಗೆ ಬರೆಯಿರಿ: ‘ಈ ನೋವಿನ ಬಗ್ಗೆ ಮಾತನಾಡುವುದನ್ನು ನಾವು ಯಾವಾಗ ನಿಲ್ಲಿಸಿದೆವು?’ ಸಭೆಯಲ್ಲಿ ಈ ಪ್ರಶ್ನೆ ಬಂದಾಗ ಕುರ್ಚಿಗಳು ಸದ್ದು ಮಾಡುತ್ತವೆ, ಯಾರಿಗೋ ಫೋನ್ ಬರುತ್ತದೆ. ಬಿಡಬೇಡಿ. ಹಳೆಯ ಪ್ರಣಾಳಿಕೆಗಳನ್ನು ಕಪಾಟಿನಿಂದ ತೆಗೆದು ವರ್ಷವಾರು ಹುಡುಕಿ. ಒಂದು ಕಾಲಕ್ಕೆ ಮೊದಲ ಪುಟದಲ್ಲಿದ್ದ ವಿಷಯ ಹನ್ನೊಂದನೆಯ ಪುಟಕ್ಕೆ ಜಾರಿ, ಆಮೇಲೆ ಮಾಯವಾದ ವರ್ಷ ಸಿಕ್ಕೇ ಸಿಗುತ್ತದೆ. ಜನಪ್ರಿಯತಾವಾದಿ ಬೇರೆಲ್ಲಿಂದಲೋ ಬಂದವರಲ್ಲ, ನಾವು ಖಾಲಿ ಮಾಡಿದ ಮನೆಗೆ ಬಾಡಿಗೆಗೆ ಬಂದವರು.

ನಾಲ್ಕನೆಯ ಕೆಲಸ: ಬರಿಗೈಯಲ್ಲಿ ಬಾಗಿಲು ತಟ್ಟಿ

ಲೆಕ್ಕದಲ್ಲಿ ಸಿಕ್ಕ ಎರಡನೆಯ ಮತ್ತು ನಾಲ್ಕನೆಯ ರಾಶಿಯವರ ಮನೆಗಳಿಗೆ ಹೋಗಬೇಕು. ಕರಪತ್ರ ಬೇಡ, ಛಾಯಾಗ್ರಾಹಕ ಬೇಡ, ಹತ್ತು ಜನರ ಹಿಂಡೂ ಬೇಡ. ಇಬ್ಬರು ಸಾಕು, ಒಬ್ಬರು ಕೇಳಲು, ಒಬ್ಬರು ಬರೆಯಲು.

‘ಅವರಿಗೆ ಯಾಕೆ ಮತ ಹಾಕಿದಿರಿ?’ ಎಂದು ಕೇಳಬೇಡಿ. ಅದು ಪೊಲೀಸ್ ಠಾಣೆಯ ಪ್ರಶ್ನೆ. ಕೇಳಿಸಿಕೊಂಡವರು ಕೂಡಲೇ ವಕೀಲರಾಗಿ ತಮ್ಮ ಆಯ್ಕೆಯನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ. ‘ಹಿಂದೆ ನಮಗೆ ಹಾಕಿದಾಗ ಏನಾಗುತ್ತದೆ ಎಂದುಕೊಂಡಿದ್ದಿರಿ?’ ಎಂದು ಕೇಳಿ ನೋಡಿ. ಉತ್ತರ ಶುರುವಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಶುರುವಾದರೆ ಬೇಗ ಮುಗಿಯುವುದಿಲ್ಲ. ನಡುವೆ ಬಾಯಿ ಹಾಕಿ ನಮ್ಮ ಸರ್ಕಾರದ ಸಾಧನೆಯ ಪಟ್ಟಿ ಓದುವ ಆಸೆಯಾಗುತ್ತದೆ. ತಡೆದುಕೊಳ್ಳಿ.

ಇಲ್ಲಿ ಗೌರವ ಎನ್ನುವುದು ಬಾಗಿಲಲ್ಲಿ ಮುಗಿಯುವುದಿಲ್ಲ, ಕಾರಿನೊಳಗೂ ಇರಬೇಕು. 2010ರ ಏಪ್ರಿಲ್ 28ರಂದು ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನ್ ರಾಚ್‌ಡೇಲ್ ಎಂಬ ಪಟ್ಟಣದಲ್ಲಿ ಪ್ರಚಾರಕ್ಕೆ ಹೋಗಿದ್ದರು. ಜೀವಮಾನವಿಡೀ ಅವರ ಲೇಬರ್ ಪಕ್ಷಕ್ಕೇ ಮತ ಹಾಕುತ್ತ ಬಂದಿದ್ದ ಹಿರಿಯ ಮಹಿಳೆಯೊಬ್ಬರು ಸಾಲ, ತೆರಿಗೆ, ಮೊಮ್ಮಕ್ಕಳ ಓದಿನ ಖರ್ಚು, ವಲಸೆ ಎಲ್ಲವನ್ನೂ ಎತ್ತಿದರು. ಬ್ರೌನ್ ನಗುನಗುತ್ತ ಉತ್ತರಿಸಿ ಕಾರು ಹತ್ತಿದರು. ಕೋಟಿನ ಮೇಲಿದ್ದ ವಾಹಿನಿಯ ಮೈಕು ಇನ್ನೂ ಚಾಲೂ ಇತ್ತು. ಒಳಗೆ ಕುಳಿತ ಕೂಡಲೇ ಬ್ರೌನ್ ಆ ಭೇಟಿಯನ್ನು ಅನಾಹುತ ಎಂದರು, ಆಕೆ ಸಂಕುಚಿತ ದ್ವೇಷದ ಹೆಂಗಸು ಎಂಬರ್ಥದ ಮಾತಾಡಿದರು. ಕೆಲವೇ ಗಂಟೆಗಳಲ್ಲಿ ದೇಶವೆಲ್ಲ ಅದನ್ನು ಕೇಳಿಸಿಕೊಂಡಿತು. ಪ್ರಧಾನಿ ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಬೇಕಾಯಿತು. ಆಕೆ ಕೇಳಿದ ನಾಲ್ಕು ಪ್ರಶ್ನೆಗಳಲ್ಲಿ ಮೂರು ಯಾವ ಪಕ್ಷವಾದರೂ ಸಂತೋಷದಿಂದ ಉತ್ತರಿಸಬಹುದಾದಂಥವು. ಪಕ್ಷದ ನಾಯಕರಿಗೆ ನಾಲ್ಕನೆಯದೊಂದೇ ನೆನಪಿನಲ್ಲಿ ಉಳಿಯಿತು. ಜನಪ್ರಿಯತಾವಾದಿಗೆ ಪ್ರಚಾರ ಸಾಮಗ್ರಿ ಒದಗಿಸುವುದು ಹೀಗೆಯೇ.

2016ರ ಸೆಪ್ಟೆಂಬರಿನಲ್ಲಿ ಹಿಲರಿ ಕ್ಲಿಂಟನ್ ದೇಣಿಗೆ ಸಂಗ್ರಹದ ಸಮಾರಂಭವೊಂದರಲ್ಲಿ ಟ್ರಂಪ್ ಬೆಂಬಲಿಗರಲ್ಲಿ ಅರ್ಧದಷ್ಟು ಜನರನ್ನು ತುಚ್ಛರ ಬುಟ್ಟಿಗೆ ಹಾಕಬಹುದು ಎಂದರು. ಸ್ವಲ್ಪ ದಿನಗಳಲ್ಲೇ ಆ ಬೈಗುಳ ಎದುರಾಳಿಯ ಸಭೆಗಳಲ್ಲಿ ಅಂಗಿಗಳ ಮೇಲೆ ಅಚ್ಚಾಗಿ ಬಂತು. ಅದಕ್ಕೂ ನಾಲ್ಕು ವರ್ಷ ಹಿಂದೆ ಮಿಟ್ ರಾಮ್ನಿ ದೇಶದ ಶೇ 47ರಷ್ಟು ಜನ ಸರ್ಕಾರವನ್ನೇ ನೆಚ್ಚಿಕೊಂಡವರು ಎಂದು ಹೇಳಿ ಕೈಸುಟ್ಟುಕೊಂಡಿದ್ದರು. ಅದೂ ದಾನಿಗಳ ಮುಂದೆಯೇ. ದುಡ್ಡಿರುವವರ ಕೋಣೆಯಲ್ಲಿ ದುಡ್ಡಿಲ್ಲದವರ ಬಗ್ಗೆ ಆಡುವ ಮಾತಿಗೆ ಒಂದು ಪ್ರತ್ಯೇಕ ದನಿ ಇರುತ್ತದೆ, ಅದು ಎಲ್ಲ ಪಕ್ಷಗಳಲ್ಲೂ ಒಂದೇ.

ಐದನೆಯ ಕೆಲಸ: ‘ಕೈಗೊಳ್ಳಲಾಗುವುದು’ ಎಂಬುದನ್ನು ಅಳಿಸಿ

ನಿಮ್ಮ ಪ್ರಣಾಳಿಕೆಯ ಒಂದು ಪುಟವನ್ನು ಗಟ್ಟಿಯಾಗಿ ಓದಿ. ‘ಆರೋಗ್ಯ ಸೇವೆಗಳ ಲಭ್ಯತೆಯನ್ನು ಹೆಚ್ಚಿಸುವ ನಿಟ್ಟಿನಲ್ಲಿ ಸಮಗ್ರ ಕ್ರಮಗಳನ್ನು ಕೈಗೊಳ್ಳಲಾಗುವುದು.’ ಯಾರು ಕೈಗೊಳ್ಳುತ್ತಾರೆ? ಯಾವಾಗ? ಆಗದಿದ್ದರೆ ಯಾರ ಕೊರಳಪಟ್ಟಿ ಹಿಡಿಯಬೇಕು? ಕನ್ನಡ ವ್ಯಾಕರಣದಲ್ಲಿ ಇದಕ್ಕೆ ಕರ್ಮಣಿ ಪ್ರಯೋಗ ಎಂದು ಹೆಸರು. ಕರ್ತೃ ಕಣ್ಮರೆಯಾಗುವುದೇ ಅದರ ಸೌಲಭ್ಯ. ಜನಪ್ರಿಯತಾವಾದಿ ಎಂದೂ ಕರ್ಮಣಿಯಲ್ಲಿ ಮಾತನಾಡುವುದಿಲ್ಲ. ‘ಇದನ್ನು ಸರಿಪಡಿಸಬಲ್ಲವನು ನಾನೊಬ್ಬನೇ’ ಎಂದರು ಟ್ರಂಪ್, 2016ರ ಜುಲೈನಲ್ಲಿ ಉಮೇದುವಾರಿಕೆ ಒಪ್ಪಿಕೊಳ್ಳುತ್ತ. ಆ ಮಾತಿನ ಅಹಂಕಾರ ನಮಗೆ ಬೇಡ, ಅದರ ವ್ಯಾಕರಣ ಬೇಕು.

ಅದೇ ಸಾಲನ್ನು ತಿದ್ದೋಣ. ‘ರಾತ್ರಿ ಎರಡು ಗಂಟೆಗೆ ಹೋದರೂ ಆಸ್ಪತ್ರೆಯಲ್ಲಿ ವೈದ್ಯರು ಇರುವಂತೆ ನಾವು ನೋಡಿಕೊಳ್ಳುತ್ತೇವೆ. ಇಲ್ಲದಿದ್ದರೆ ಯಾರಿಗೆ ದೂರಬೇಕು ಎಂಬ ಹೆಸರು, ದೂರವಾಣಿ ಸಂಖ್ಯೆ ಬಾಗಿಲ ಮೇಲೆ ಇರುತ್ತದೆ.’ ಹೀಗೆ ಬರೆಯಲು ಹೊರಟಾಗ ಅರ್ಧ ಪ್ರಣಾಳಿಕೆ ಬರೆಯಲಾಗದೆ ಉಳಿಯುತ್ತದೆ. ಉಳಿಯಲಿ. ಅಷ್ಟು ಭಾಗಕ್ಕೆ ನಮ್ಮಲ್ಲಿ ಯೋಜನೆಯೇ ಇರಲಿಲ್ಲ ಎಂದು ಈಗಲಾದರೂ ಗೊತ್ತಾಯಿತಲ್ಲ.

ಸರಳ ಮಾತು ಎಂದರೆ ಪೊಳ್ಳು ಮಾತು ಎಂದು ತಿಳಿಯಬೇಕಿಲ್ಲ. 1992ರಲ್ಲಿ ಪಕ್ಷೇತರರಾಗಿ ನಿಂತ ಉದ್ಯಮಿ ರಾಸ್ ಪೆರೋ ಟಿವಿಯಲ್ಲಿ ಅರ್ಧ ಗಂಟೆಯ ಅವಧಿಯನ್ನೇ ಖರೀದಿಸಿ, ಮೇಜಿನ ಹಿಂದೆ ಕುಳಿತು, ಕೋಲು ಹಿಡಿದು, ಒಂದಾದ ಮೇಲೊಂದು ನಕ್ಷೆ ತೋರಿಸುತ್ತ ಸರ್ಕಾರದ ಸಾಲ ಮತ್ತು ಆಯವ್ಯಯದ ಕೊರತೆಯನ್ನು ವಿವರಿಸಿದರು. ಇದನ್ನು ಯಾರು ನೋಡುತ್ತಾರೆ ಎಂದು ನಕ್ಕವರು ಬಹಳ. ಕೋಟಿಗೂ ಹೆಚ್ಚು ಜನ ನೋಡಿದರು. ಪೆರೋ ಒಂದೂ ರಾಜ್ಯ ಗೆಲ್ಲಲಿಲ್ಲ, ಆದರೆ ಶೇ 18.9ರಷ್ಟು ಮತ ಪಡೆದರು. ಆ ಬಳಿಕ ಕೊರತೆಯ ಮಾತನ್ನು ಬದಿಗಿಡುವುದು ಎರಡೂ ದೊಡ್ಡ ಪಕ್ಷಗಳಿಗೆ ಕಷ್ಟವಾಯಿತು. 1998ರಲ್ಲಿ ಅಮೆರಿಕದ ಆಯವ್ಯಯ ಮಿಗತೆ ತೋರಿಸಿತು. ಅದಕ್ಕೆ ಆರ್ಥಿಕತೆಯ ಏರುಗತಿಯೂ ಕಾರಣ, ನಿಜ. ಜನರಿಗೆ ಅಂಕಿಸಂಖ್ಯೆ ಬೇಸರ ಎನ್ನುವವರು ಆ ಕೋಲನ್ನೂ ನಕ್ಷೆಗಳನ್ನೂ ಒಮ್ಮೆ ನೆನೆಯಲಿ.

ಆರನೆಯ ಕೆಲಸ: ಪುಕ್ಕ ಕೆದರಿಕೊಳ್ಳಬೇಡಿ

ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿಕೊಂಡ ಗಾದೆ ರಾಜಕೀಯಕ್ಕೆಂದೇ ಹುಟ್ಟಿದಂತಿದೆ. ಬ್ರಿಟನ್ನಿನಲ್ಲಿ ಯುಕಿಪ್ ಎಂಬ ಸಣ್ಣ ಪಕ್ಷ ಯುರೋಪಿಯನ್ ಒಕ್ಕೂಟ ಬಿಟ್ಟು ಹೊರಬರೋಣ ಎನ್ನುತ್ತಿತ್ತು. ಅದರ ಗಾಳಿ ಕಿತ್ತುಕೊಳ್ಳಲು, ಸ್ವಂತ ಪಕ್ಷದೊಳಗಿನ ಗದ್ದಲವನ್ನೂ ಅಡಗಿಸಲು, ಪ್ರಧಾನಿ ಡೇವಿಡ್ ಕ್ಯಾಮರಾನ್ 2013ರ ಜನವರಿಯಲ್ಲಿ ಜನಮತಗಣನೆಯ ಭರವಸೆ ಕೊಟ್ಟರು. ಮರುವರ್ಷವೇ ಯುರೋಪಿಯನ್ ಸಂಸತ್ ಚುನಾವಣೆಯಲ್ಲಿ ಯುಕಿಪ್ ದೇಶಕ್ಕೇ ಮೊದಲನೆಯದಾಗಿ ಬಂತು. 2016ರ ಜೂನ್ 23ರ ಜನಮತಗಣನೆಯಲ್ಲಿ ಶೇ 51.9ರಷ್ಟು ಜನ ಹೊರಬರೋಣ ಎಂದರು, ಮರುದಿನ ಬೆಳಿಗ್ಗೆ ಕ್ಯಾಮರಾನ್ ರಾಜೀನಾಮೆ ಘೋಷಿಸಿದರು. ನೋವಿನ ಕಲಮು ಓದದೆ ನೇರವಾಗಿ ಎರಡನೆಯ ಕಲಮಿನಿಂದ ಒಂದು ಸಾಲು ಎರವಲು ಪಡೆದ ಕಥೆ ಇದು.

ಇದಕ್ಕೆ ಎದುರಾಗಿ ಡೆನ್ಮಾರ್ಕ್ ಉದಾಹರಣೆ ಕೊಡುವವರಿದ್ದಾರೆ. ಅಲ್ಲಿ ಮೆಟ್ಟೆ ಫ್ರೆಡರಿಕ್ಸನ್ ಅವರ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ವಲಸೆಯ ವಿಷಯದಲ್ಲಿ ಬಿಗಿ ನಿಲುವು ತಾಳಿ 2019ರಲ್ಲಿ ಅಧಿಕಾರ ಹಿಡಿಯಿತು. ವಲಸೆ ವಿರೋಧಿ ಡ್ಯಾನಿಶ್ ಪೀಪಲ್ಸ್ ಪಾರ್ಟಿ ಶೇ 21.1ರಿಂದ 8.7ಕ್ಕೆ ಬಿತ್ತು. ಸರಿ. ಆದರೆ ಫ್ರೆಡರಿಕ್ಸನ್ ಅವರ ಪಕ್ಷದ ಪಾಲೂ ಹಿಂದಿಗಿಂತ ಏರಲಿಲ್ಲ, 26.3ರಿಂದ 25.9ಕ್ಕೆ ಕೂದಲೆಳೆಯಷ್ಟು ಇಳಿಯಿತು. ಅದೇ ಪ್ರಚಾರದಲ್ಲಿ ಅವರು ಇನ್ನೊಂದು ಮಾತನ್ನೂ ಆಡಿದ್ದರು: ಚಿಕ್ಕ ವಯಸ್ಸಿಗೇ ದುಡಿಮೆಗೆ ಇಳಿದು ಮೈ ಸವೆಸಿಕೊಂಡವರಿಗೆ ಬೇಗ ನಿವೃತ್ತರಾಗುವ ಹಕ್ಕು ಬೇಕು ಎಂದು. ವಲಸೆಯ ಮಾತನ್ನು ಎತ್ತಿ ತೋರಿಸುವವರು ಈ ಎರಡನೆಯದನ್ನು ಯಾಕೋ ಮರೆಯುತ್ತಾರೆ. ನನಗೆ ಕಲಿಯುವಂತೆ ಕಾಣುವುದು ಅದೇ.

ಯಾವುದನ್ನು ಕಲಿಯಲೇಬಾರದು ಎನ್ನುವುದಕ್ಕೆ ಉದ್ದದ ಪಟ್ಟಿ ಬೇಕಿಲ್ಲ. ಒಂದು ಸಮುದಾಯದ ಕಡೆ ಬೆರಳು ತೋರಿಸುವುದು, ಎಣಿಸಿದ ಮತವನ್ನು ಒಪ್ಪದಿರುವುದು, ನ್ಯಾಯಾಧೀಶರನ್ನೂ ಪತ್ರಕರ್ತರನ್ನೂ ಶತ್ರುಗಳೆಂದು ಕರೆಯುವುದು. ಇವು ‘ನಾನೊಬ್ಬನೇ’ ಎಂಬ ಮಾತಿನ ಮರಿಗಳು.

ಏಳನೆಯ ಕೆಲಸ: ಕೈಯಲ್ಲಿರುವಷ್ಟರಲ್ಲಿ ಒಂದನ್ನು ಮುಗಿಸಿ

ಸೋತ ಪಕ್ಷಕ್ಕೂ ಎಲ್ಲೋ ಒಂದು ನಗರಸಭೆ, ಒಂದು ಪ್ರಾಂತ್ಯ, ನಾಲ್ಕು ಶಾಸಕರು ಇರುತ್ತಾರೆ. ಮೊದಲ ಕಲಮಿನಿಂದ ಒಂದೇ ಒಂದು ನೋವನ್ನು ಆರಿಸಿ, ಮುಂದಿನ ಚುನಾವಣೆಗೆ ಮುನ್ನ ಅಲ್ಲಿ ಕಡಿಮೆ ಮಾಡಿ ತೋರಿಸಿ. ಜನಪ್ರಿಯತಾವಾದಿ ಹ್ಯೂಯಿ ಲಾಂಗ್ 1928ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಗವರ್ನರ್ ಆದಾಗ ಮಕ್ಕಳಿಗೆ ಉಚಿತ ಪಠ್ಯಪುಸ್ತಕ ಕೊಟ್ಟರು, ರಸ್ತೆ ಮಾಡಿಸಿದರು, ಸೇತುವೆ ಕಟ್ಟಿಸಿದರು. ಸರ್ಕಾರಿ ನೌಕರರ ಸಂಬಳದಿಂದ ತಮ್ಮ ರಾಜಕೀಯಕ್ಕೆ ಪಾಲು ಕೀಳುತ್ತಿದ್ದವರೂ ರಾಜ್ಯವನ್ನು ಜಹಗೀರಿನಂತೆ ಆಳಿದವರೂ ಅವರೇ. ಆದರೂ ಜನ ಯಾಕೆ ಹಿಂದೆ ನಿಂತರು ಎಂದು ಕೇಳಿದರೆ ಉತ್ತರ ಆ ಪುಸ್ತಕಗಳಲ್ಲಿ, ಸೇತುವೆಗಳಲ್ಲಿ ಇತ್ತು. 1934ರಲ್ಲಿ ಅವರು ಸಿರಿವಂತರ ಸಂಪತ್ತನ್ನು ಹಂಚುವ ಚಳವಳಿ ಶುರುಮಾಡಿದ ಮೇಲೆ ಡೆಮಾಕ್ರಟಿಕ್ ಪಕ್ಷ ಅವರ ಬಲ ಅಳೆಯಲು ಗುಟ್ಟಾಗಿ ಸಮೀಕ್ಷೆ ಮಾಡಿಸಿತು. 1935ರಲ್ಲಿ ಅದೇ ಪಕ್ಷದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಸರ್ಕಾರ ವೃದ್ಧಾಪ್ಯ ಪಿಂಚಣಿ, ನಿರುದ್ಯೋಗ ವಿಮೆಗಳನ್ನು ಒಳಗೊಂಡ ಸಾಮಾಜಿಕ ಭದ್ರತಾ ಕಾಯ್ದೆ ತಂದಿತು, ಅತಿ ಶ್ರೀಮಂತರ ತೆರಿಗೆಯನ್ನೂ ಏರಿಸಿತು. ಇದರಲ್ಲಿ ಲಾಂಗ್ ಭಯದ ಪಾಲು ಎಷ್ಟು ಎಂದು ಇತಿಹಾಸಕಾರರು ಇನ್ನೂ ಜಗಳವಾಡುತ್ತಾರೆ. ಪಿಂಚಣಿ ಪಡೆದವರಿಗೆ ಆ ಜಗಳದ ಗೊಡವೆಯಿರಲಿಲ್ಲ.

ಕೆಲಸ ಮುಗಿದ ಮೇಲೆ, ಅಥವಾ ಮುಗಿಯದೆ ಸಿಕ್ಕಿಕೊಂಡ ಮೇಲೂ, ನಾಲ್ಕನೆಯ ಹಂತದಲ್ಲಿ ಬಾಗಿಲು ತಟ್ಟಿದ ಅದೇ ಮನೆಗಳಿಗೆ ಅದೇ ಇಬ್ಬರು ಹಿಂದಿರುಗಬೇಕು. ಅಂದು ಬರೆದುಕೊಂಡ ಪುಸ್ತಕವೇ ಕೈಯಲ್ಲಿರಲಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಓದಿ ಹೇಳಿ, ಆದದ್ದೆಷ್ಟು, ಆಗದ್ದೆಷ್ಟು, ಆಗದಿರಲು ಯಾರು ಕಾರಣ ಎಂಬುದನ್ನು ತಿಳಿಸಿ. ಕೆಲವರು ಬಾಗಿಲು ಮುಚ್ಚುತ್ತಾರೆ. ಕೆಲವರು ‘ನಾನು ಹಾಗೆ ಹೇಳಿರಲಿಲ್ಲ’ ಎಂದು ತಿದ್ದುತ್ತಾರೆ. ತಿದ್ದಿದ್ದನ್ನು ಹೊಸ ಪುಟದಲ್ಲಿ ತಾರೀಖು ಹಾಕಿ ಬರೆದುಕೊಳ್ಳಿ.